ಬಾರ್ಶಿಯ ನೋಂದಣಿ: ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮತ್ತು ನಂಬಿಕೆಯ ಚರಿತ್ರೆ

ಸೊಲ್ಲಾಪುರ ಜಿಲ್ಲೆಯ ದಕ್ಷಿಣ ಭಾಗದ ಅಕ್ಕಲಕೋಟೆಯಲ್ಲಿ ಕನ್ನಡ ಮನೆಮಾತಾಗಿ ಉಳಿದಿದೆ. ಉತ್ತರದ ಬಾರ್ಶಿ ಮರಾಠಿಯ ನೆಲ. ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾದುದು ಈ ಬಾರ್ಶಿಯಲ್ಲಿ. ನೆರೆಯ ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಯ ಪರಾಂಡಾ, ಭೂಮ್ ತಾಲ್ಲೂಕುಗಳೂ ಅದರ ವ್ಯಾಪ್ತಿಗೆ ಸೇರಿದ್ದವು.

ನಗರಗಳಲ್ಲಿ ಇಂಥ ನೋಂದಣಿಗೆ ಆಸ್ಪತ್ರೆಯ ಕಡತಗಳೇ ಆಧಾರ. ಹಳ್ಳಿಯ ರೋಗಿಗಳಲ್ಲಿ ಅನೇಕರು ಆಸ್ಪತ್ರೆಯವರೆಗೆ ಬರುತ್ತಲೇ ಇರಲಿಲ್ಲವಾದ್ದರಿಂದ ಇಲ್ಲಿ ನೋಂದಣಿಯೇ ಹಳ್ಳಿಗೆ ಹೋಗಬೇಕಾಯಿತು. ಕಾರ್ಯಕರ್ತರು ಊರೂರು ತಿರುಗಿ, ಮುಟ್ಟು ನಿಂತ ಮೇಲೂ ಕಾಣುವ ರಕ್ತಸ್ರಾವದಂತಹ ಲಕ್ಷಣಗಳನ್ನು ವಿವರಿಸಿ, ಅವು ಕಂಡವರನ್ನು ಆಸ್ಪತ್ರೆಗೆ ಹೋಗುವಂತೆ ಒಪ್ಪಿಸುತ್ತಿದ್ದರು. ಎಣಿಕೆಗೆಂದು ನಡೆದ ಮಾತುಕತೆ ಹೀಗೆ ಚಿಕಿತ್ಸೆಗೂ ದಾರಿಯಾಯಿತು. ವ್ಯವಸ್ಥಿತ ತಪಾಸಣೆ ಇನ್ನೂ ಆರಂಭವಾಗದಿದ್ದ ಆ ವರ್ಷಗಳಲ್ಲಿಯೇ ಗರ್ಭಕೊರಳಿನ ಕ್ಯಾನ್ಸರ್ ಮೊದಲಿಗಿಂತ ಎಳೆಯ ಹಂತದಲ್ಲಿ ಪತ್ತೆಯಾಗತೊಡಗಿತೆಂದು 1995ರಲ್ಲಿ ಪ್ರಕಟವಾದ ಅಧ್ಯಯನವು ದಾಖಲಿಸಿತು.

ಈ ಅನುಭವದ ಬೆನ್ನಿಗೆ, 1999ರಲ್ಲಿ, ಉಸ್ಮಾನಾಬಾದ್ ಜಿಲ್ಲೆಯಲ್ಲಿ ದೊಡ್ಡ ಪ್ರಯೋಗವೊಂದು ಆರಂಭವಾಯಿತು. 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಯಿತು. ಮೂರು ಗುಂಪುಗಳಿಗೆ ಮೂರು ಬಗೆಯ ಪರೀಕ್ಷೆ. ನಾಲ್ಕನೆಯದಕ್ಕೆ ರೂಢಿಯ ಆರೋಗ್ಯಸೇವೆ ಮಾತ್ರ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದೇ ಬಾರಿ ಎಚ್‌ಪಿವಿ ಪರೀಕ್ಷೆಯ ಅವಕಾಶ ಪಡೆದ 34,126 ಮಹಿಳೆಯರ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ 34 ಮಂದಿ ತೀರಿಕೊಂಡರು. ಪರೀಕ್ಷೆಯಿಲ್ಲದ 31,488 ಮಹಿಳೆಯರಲ್ಲಿ 64 ಮಂದಿ. ಹಾಗೆ ಒಂದು ಗುಂಪನ್ನು ಪರೀಕ್ಷೆಯಿಂದ ಹೊರಗಿಟ್ಟದ್ದು ನ್ಯಾಯವೇ ಎಂಬ ಪ್ರಶ್ನೆಯೂ ಮುಂದೆ ಎದ್ದಿತು.

ಪರೀಕ್ಷೆಗೆ ಆಹ್ವಾನಿತರಾದವರಲ್ಲಿ ನೂರಕ್ಕೆ ಸುಮಾರು 79 ಮಂದಿ ಬಂದರು. ಹೀಗೆ ಬಂದವರಲ್ಲಿ ಕಿರಿಯರು, ಓದುಬರಹ ಬಲ್ಲವರು, ಗಂಡನಿದ್ದವರು, ಗರ್ಭನಿರೋಧಕ ಬಳಸಿದವರು ಹೆಚ್ಚು. ಎಂದರೆ, ಬಸಿರು ಬಾಣಂತನಗಳ ನೆಪದಲ್ಲಿ ಆರೋಗ್ಯ ಕೇಂದ್ರದ ಹೊಸ್ತಿಲನ್ನು ಮೊದಲೇ ದಾಟಿದ್ದವಳಿಗೆ ಮತ್ತೊಮ್ಮೆ ದಾಟುವುದು ಸುಲಭವಾಯಿತು. ವಯಸ್ಸಾದವಳು, ವಿಧವೆ, ಅಕ್ಷರ ತಿಳಿಯದವಳು ಹಿಂದುಳಿದರು; ವಯಸ್ಸಿನೊಡನೆ ಹೆಚ್ಚುವ ಈ ರೋಗ ಅವರನ್ನು ಬಿಡುವಂತಹದಲ್ಲ.

ನಂಬಿಕೆ ಗಳಿಸುವ ಕೆಲಸವನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆ ಸಾಕ್ಷಿ. 2009ರಲ್ಲಿ ಅಲ್ಲಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ಆರಂಭವಾಯಿತು. ವಿದ್ಯಾರ್ಥಿನಿಲಯಗಳಲ್ಲಿದ್ದ ಎಷ್ಟೋ ಬಾಲಕಿಯರ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ಮೇಲ್ವಿಚಾರಕರು ಸಹಿ ಹಾಕಿದ್ದರು. ಕೆಲವು ಬಾಲಕಿಯರ ಸಾವಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ವಿಚಾರಣೆ ಹೇಳಿತಾದರೂ, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತುಹೋಯಿತು. 2013ರಲ್ಲಿ ಸಂಸದೀಯ ಸ್ಥಾಯೀ ಸಮಿತಿ ಒಪ್ಪಿಗೆ ಪಡೆದ ರೀತಿಯನ್ನು ಕಟುವಾಗಿ ಖಂಡಿಸಿತು.

ಗಡಿಯ ಕನ್ನಡಿಗರಿಗೆ ಈ ಎರಡು ಚರಿತ್ರೆಗಳೂ ಮುಖ್ಯ. ಅಕ್ಕಲಕೋಟೆಯ ಹೆಣ್ಣುಮಗಳು ಸಂತೆಯಲ್ಲಿ, ಕಚೇರಿಯಲ್ಲಿ ಮರಾಠಿಯನ್ನು ನಿರಾಯಾಸವಾಗಿ ಆಡಬಲ್ಲಳು. ಆದರೆ ಮುಟ್ಟು, ಬಿಳಿಸೆರಗುಗಳ ಸಂಗತಿಯನ್ನು ಅವಳು ತಾಯಿಯೊಡನೆ, ಅಕ್ಕತಂಗಿಯರೊಡನೆ ಆಡಿದ್ದು ಕನ್ನಡದಲ್ಲಿ. ಬಾರ್ಶಿಯ ಕಾರ್ಯಕರ್ತರು ಹಳ್ಳಿಗೆ ಒಯ್ದದ್ದು ಕೇಳಿದವರಿಗೆ ತಿಳಿಯುವ ಮಾತು. ಅದೇ ಜಿಲ್ಲೆಯ ಕನ್ನಡ ಮನೆಗಳಿಗೆ ಆ ಮಾತು ಕನ್ನಡದಲ್ಲಿಯೇ ತಲುಪಬೇಕೆಂಬುದು ಭಾಷಾಭಿಮಾನದ ಬೇಡಿಕೆಯಷ್ಟೇ ಅಲ್ಲ. ರೋಗ ವೇಳೆಗೆ ಪತ್ತೆಯಾಗುವುದೂ ಆಗದಿರುವುದೂ ಅದನ್ನು ಅವಲಂಬಿಸಿದೆ.