ಉದ್ದೀಪನ ಮದ್ದು, ಅಂಕಿ-ಅಂಶ ಮತ್ತು ಕರ್ನಾಟಕದ ಓಟಗಾರರು

ಕ್ರೀಡಾಪಟುವಿನ ಸಾಧನೆಯನ್ನು ಸಮಯ, ದೂರ, ಓಟ, ವಿಕೆಟ್, ಪದಕಗಳ ಲೆಕ್ಕದಲ್ಲಿ ಅಳೆಯುವುದು ರೂಢಿ. ಆ ಲೆಕ್ಕದ ಹಿಂದೆ ನಿಷೇಧಿತ ಮದ್ದಿನ ನೆರವಿತ್ತು ಎಂಬ ಅನುಮಾನ ಎದ್ದಾಗ ಇಡೀ ವೃತ್ತಿಜೀವನವನ್ನು ಹೇಗೆ ತೂಗಬೇಕು ಎಂಬ ಪ್ರಶ್ನೆ ಹುಟ್ಟುತ್ತದೆ. ಕರ್ನಾಟಕದಲ್ಲಿ ಈ ಪ್ರಶ್ನೆ ಮುಖ್ಯವಾಗಿ 400 ಮೀಟರ್ ಓಟದ ಇಬ್ಬರು ಹೆಣ್ಣುಮಕ್ಕಳ ಸುತ್ತ ಬೆಳೆದಿದೆ: ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿ ಮತ್ತು ಕೊಡಗು ಮೂಲದ ಎಂ.ಆರ್. ಪೂವಮ್ಮ.

ಜಗತ್ತಿನಲ್ಲಿ ಈ ಚರ್ಚೆ ಅತಿ ಜೋರಾಗಿ ನಡೆದದ್ದು ಅಮೆರಿಕದ ಬೇಸ್‌ಬಾಲ್‌ನಲ್ಲಿ. ಕ್ರಿಕೆಟಿಗಿಂತಲೂ ಹೆಚ್ಚು ಅಂಕಿಪ್ರಿಯವಾದ ಆಟ ಅದು. ಬಿಲ್ ಜೇಮ್ಸ್ 1977ರಿಂದ ಪ್ರಕಟಿಸುತ್ತ ಬಂದ ವಾರ್ಷಿಕ ಪುಸ್ತಕಗಳು ಆಟಗಾರನ ಮೌಲ್ಯವನ್ನು ಅಂಕಿಗಳಲ್ಲಿ ಹಿಡಿಯುವ ಒಂದು ವಿದ್ಯೆಯನ್ನೇ ಕಟ್ಟಿದವು. 1998ರಲ್ಲಿ ಮಾರ್ಕ್ ಮೆಗ್ವಾಯರ್ ಒಂದೇ ಋತುವಿನಲ್ಲಿ 70 ಹೋಮ್ ರನ್ ಹೊಡೆದರು. 2001ರಲ್ಲಿ ಬ್ಯಾರಿ ಬಾಂಡ್ಸ್ ಅದನ್ನು 73ಕ್ಕೆ ಏರಿಸಿದರು. ವೃತ್ತಿಜೀವನದ ಕೊನೆಗೆ ಅವರ ಒಟ್ಟು ಲೆಕ್ಕ 762. ಸ್ಟೀರಾಯ್ಡ್ ಬಳಸಿದ್ದಾಗಿ ಮೆಗ್ವಾಯರ್ 2010ರಲ್ಲಿ ಒಪ್ಪಿಕೊಂಡರು. ತಿಳಿದೂ ತಿಳಿದೂ ಬಳಸಿಲ್ಲ ಎಂಬುದು ಬಾಂಡ್ಸ್ ವಾದ. ಇಬ್ಬರ ಅಂಕಿಗಳೂ ದಾಖಲೆ ಪುಸ್ತಕದಲ್ಲಿ ಹಾಗೆಯೇ ಉಳಿದಿವೆ, ಆದರೆ ಗೌರವ ಸಿಗಲಿಲ್ಲ. ಹಾಲ್ ಆಫ್ ಫೇಮ್ ಸೇರಲು ಕ್ರೀಡಾ ಬರಹಗಾರರ ಶೇ 75 ಮತ ಬೇಕು. ಬರಹಗಾರರ ಮತಪಟ್ಟಿಯ ಹತ್ತನೆಯ ಮತ್ತು ಕೊನೆಯ ಅವಕಾಶವಾದ 2022ರಲ್ಲಿ ಬಾಂಡ್ಸ್‌ಗೆ ಬಂದದ್ದು ಶೇ 66. ಅದೇ ವರ್ಷ ಡೇವಿಡ್ ಒರ್ಟಿಜ್ ಆಯ್ಕೆಯಾದರು. 2003ರ ಗೋಪ್ಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಲ್ಲಿ ಅವರ ಹೆಸರೂ ಇತ್ತೆಂದು ಪತ್ರಿಕೆಗಳು ಬರೆದಿದ್ದವು. ಮತದಾರರು ಒಂದೇ ಅಳತೆಗೋಲು ಹಿಡಿದಿದ್ದರು ಎಂದು ನಂಬುವುದು ಕಷ್ಟ.

ಅಥ್ಲೆಟಿಕ್ಸ್‌ನ ನಿಯಮ ಬೇರೆ. ಇಲ್ಲಿ ಮತದಾನವಿಲ್ಲ, ತಾರೀಖಿದೆ. ಮಾದರಿ ಸಂಗ್ರಹಿಸಿದ ದಿನದಿಂದ ಮುಂದಿನ ಫಲಿತಾಂಶಗಳು ಅಳಿಸಿಹೋಗುತ್ತವೆ, ಅದಕ್ಕೂ ಹಿಂದಿನವು ಸಾಮಾನ್ಯವಾಗಿ ಉಳಿಯುತ್ತವೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ ಓಡಿದ 9.79 ಸೆಕೆಂಡಿನ 100 ಮೀಟರ್ ಮೂರೇ ದಿನದಲ್ಲಿ ಇಲ್ಲವಾಯಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) 1999ರಲ್ಲಿ ಸ್ಥಾಪನೆಯಾಯಿತು. ಭಾರತದ ರಾಷ್ಟ್ರೀಯ ಸಂಸ್ಥೆ ನಾಡಾ ಕೆಲಸ ಆರಂಭಿಸಿದ್ದು 2009ರಲ್ಲಿ. ಮರುವರ್ಷವೇ ಭಾರತದ ಮಹಿಳಾ ಓಟಗಾರರು ದೊಡ್ಡ ಯಶಸ್ಸು ಕಂಡರು, ಅದರ ನಂತರದ ವರ್ಷ ಹಗರಣ.

2010ರ ಅಕ್ಟೋಬರ್ 12ರಂದು ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ ಅಕ್ಕುಂಜಿ, ಮನ್‌ದೀಪ್ ಕೌರ್ ಚಿನ್ನ ಗೆದ್ದರು. ಸಮಯ 3 ನಿಮಿಷ 27.77 ಸೆಕೆಂಡು. ಮೂರನೇ ಸುತ್ತಿನಲ್ಲಿ ಮುಂದಿದ್ದ ನೈಜೀರಿಯಾದ ಓಟಗಾರ್ತಿಯನ್ನು ಹಿಂದಿಕ್ಕಿದವರು ಅಶ್ವಿನಿ. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಈ ಕೂಟದ ಟ್ರ್ಯಾಕ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಚಿನ್ನವದು. ಮುಂದಿನ ತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅಶ್ವಿನಿ 400 ಮೀಟರ್ ಹರ್ಡಲ್ಸ್ ಅನ್ನು 56.15 ಸೆಕೆಂಡಿನಲ್ಲಿ ಗೆದ್ದು, ರಿಲೇಯಲ್ಲಿ ಇನ್ನೊಂದು ಚಿನ್ನ ಸೇರಿಸಿದರು. ಕರಾವಳಿಯ ಕೃಷಿಕ ಕುಟುಂಬದ ಹುಡುಗಿಗೆ ಊರೂರಲ್ಲಿ ಸನ್ಮಾನ ನಡೆಯಿತು.

2011ರ ಬೇಸಿಗೆಯ ಹೊತ್ತಿಗೆ ಆ ನಾಲ್ವರಲ್ಲಿ ಅಶ್ವಿನಿ ಸೇರಿ ಮೂವರ ಮಾದರಿಗಳಲ್ಲಿ ಅನಬಾಲಿಕ್ ಸ್ಟೀರಾಯ್ಡ್ ಪತ್ತೆಯಾಗಿತ್ತು. ಉಕ್ರೇನಿನ ತರಬೇತುದಾರ ಯೂರಿ ಒಗೊರೊದ್ನಿಕ್ ಅವರನ್ನು ತೆಗೆದುಹಾಕಲಾಯಿತು. ಅವರು ಕೊಟ್ಟ ಜಿನ್‌ಸೆಂಗ್ ಪೂರಕಗಳೇ ಇದಕ್ಕೆ ಕಾರಣ ಎಂದು ಓಟಗಾರ್ತಿಯರು ವಾದಿಸಿದರು. ದೇಶದ ಶಿಸ್ತು ಸಮಿತಿ ಈ ವಾದಕ್ಕೆ ತಕ್ಕಮಟ್ಟಿಗೆ ಓಗೊಟ್ಟು 2011ರ ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿ ಸಲ್ಲಿಸಿತು. 2012ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಹೆಚ್ಚಿಸಿತು. ಬಾಯಿಗೆ ಹಾಕಿಕೊಳ್ಳುವುದೆಲ್ಲದಕ್ಕೂ ಕ್ರೀಡಾಪಟುವೇ ಹೊಣೆ ಎಂಬುದು ವಾಡಾ ನಿಯಮದ ತಿರುಳು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಪದಕಗಳು ಉಳಿದವು, ಏಕೆಂದರೆ ಸಿಕ್ಕಿಬಿದ್ದ ಮಾದರಿಗಳು 2011ರವು. ನಿಯಮದ ಕಣ್ಣಿನಲ್ಲಿ 2010ರ ಅಶ್ವಿನಿ ನಿರ್ದೋಷಿ. ಪತ್ರಿಕೆಗಳ ಕಣ್ಣಿನಲ್ಲಿ ಹಾಗಿರಲಿಲ್ಲ: ಆ ಬಳಿಕ ಅವರ ಹೆಸರು ಬಂದ ಕಡೆಯಲ್ಲೆಲ್ಲ ‘ಉದ್ದೀಪನ ಮದ್ದು ಪ್ರಕರಣದಲ್ಲಿ ಸಿಲುಕಿದ್ದ’ ಎಂಬ ವಿಶೇಷಣ ಅಂಟಿಕೊಂಡಿತು. ಹೆಸರಿನ ಹಿಂದೆ ವರ್ಷ ಹಾಕುವ ಶಿಸ್ತು ಅಪರೂಪವಾಗಿತ್ತು. ಹಿಂದಿನ ಗೆಲುವೂ ಅಶುದ್ಧವೇ ಎಂದು ಊಹಿಸುವುದು ಮನುಷ್ಯ ಸಹಜ. ಆದರೆ ಊಹೆ ಪುರಾವೆಯಲ್ಲ, ಅದನ್ನು ದಾಖಲೆಯ ಮಾತಿನಂತೆ ಬರೆಯಬಾರದಿತ್ತು.

ಪೂವಮ್ಮ ಅವರ ಕಥೆ ಇನ್ನೂ ಜಟಿಲ. 2008ರ ಬೀಜಿಂಗ್ ಒಲಿಂಪಿಕ್ಸ್ ರಿಲೇ ತಂಡಕ್ಕೆ ಆಯ್ಕೆಯಾದಾಗ ಅವರಿಗೆ 18 ವರ್ಷ. 2014ರ ಇಂಚಿಯಾನ್ ಏಷ್ಯನ್ ಕೂಟದಲ್ಲಿ 400 ಮೀಟರ್ ಕಂಚು, ರಿಲೇ ಚಿನ್ನ. 2015ರಲ್ಲಿ ಅರ್ಜುನ ಪ್ರಶಸ್ತಿ. 2018ರ ಜಕಾರ್ತದಲ್ಲಿ ಮತ್ತೆ ಮಹಿಳಾ ರಿಲೇ ಚಿನ್ನ. ಅದೇ ಜಕಾರ್ತದ ಮಿಶ್ರ ರಿಲೇಯಲ್ಲಿ ಮೊಹಮ್ಮದ್ ಅನಸ್, ಹಿಮಾ ದಾಸ್, ಆರೋಕ್ಯ ರಾಜೀವ್ ಜೊತೆ ಓಡಿ ಬೆಳ್ಳಿ ಪಡೆದಿದ್ದರು. ಗೆದ್ದ ಬಹರೇನ್ ತಂಡದ ಕೆಮಿ ಅಡೆಕೊಯಾ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಾಲ್ಕು ವರ್ಷದ ನಿಷೇಧಕ್ಕೆ ಒಳಗಾದದ್ದರಿಂದ 2020ರಲ್ಲಿ ಆ ಬೆಳ್ಳಿ ಚಿನ್ನವಾಯಿತು. ಯಾರೂ ವೇಗವಾಗಿ ಓಡಲಿಲ್ಲ, ಪಟ್ಟಿಯ ಒಂದು ಸಾಲು ಅಳಿಯಿತು ಅಷ್ಟೇ. ವೇದಿಕೆಯ ಮೇಲೆ ನಿಂತು ರಾಷ್ಟ್ರಗೀತೆ ಕೇಳುವ ಗಳಿಗೆ ಮಾತ್ರ ಹೋದದ್ದು ಹೋಯಿತು.

ಮತ್ತೊಬ್ಬರ ತಪ್ಪಿನಿಂದ ಚಿನ್ನ ಪಡೆದ ಪೂವಮ್ಮ ಅವರ ಮಾದರಿಯಲ್ಲೇ 2021ರ ಫೆಬ್ರುವರಿಯಲ್ಲಿ, ಪಟಿಯಾಲಾದ ಇಂಡಿಯನ್ ಗ್ರ್ಯಾನ್ ಪ್ರಿ ವೇಳೆ, ಮೀಥೈಲ್‌ಹೆಕ್ಸೇನಮೈನ್ ಕಂಡುಬಂತು. ಇದು ಸ್ಟೀರಾಯ್ಡ್ ಅಲ್ಲ, ಉತ್ತೇಜಕ. ಶಿಸ್ತು ಸಮಿತಿ ಮೂರು ತಿಂಗಳು ಸಾಕೆಂದಿತು. ನಾಡಾ ಮೇಲ್ಮನವಿಯ ಬಳಿಕ 2022ರ ಸೆಪ್ಟೆಂಬರ್‌ನಲ್ಲಿ ಅದು ಎರಡು ವರ್ಷವಾಯಿತು. ಒಂದೇ ಪುರಾವೆಗೆ ಒಂದೇ ವರ್ಷದಲ್ಲಿ ಇಷ್ಟು ದೂರದ ಎರಡು ತೀರ್ಪುಗಳು ಬಂದಾಗ, ಕ್ರೀಡಾಂಗಣದ ಹೊರಗೆ ಕುಳಿತು ಅಳೆಯುವವರು ಸ್ವಲ್ಪ ತಡೆದು ಮಾತಾಡುವುದು ಲೇಸು.

ಅಂಕಿ ಮಾತ್ರ ನಂಬಿದರೆ ಆಗುವ ಎಡವಟ್ಟಿಗೆ ಕರಾವಳಿಯಲ್ಲೇ ಒಂದು ಪ್ರಸಿದ್ಧ ಉದಾಹರಣೆಯಿದೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಮಿಜಾರಿನ ಶ್ರೀನಿವಾಸ ಗೌಡ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿ 100 ಮೀಟರ್‌ಗೆ 9.55 ಎಂದರು, ಉಸೇನ್ ಬೋಲ್ಟ್‌ನ 9.58 ಮುರಿದುಬಿತ್ತೆಂದು ದೇಶವೇ ಕುಣಿಯಿತು. ಎಳೆಯುವ ಕೋಣಗಳ ಬಲ ಆ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಕ್ರೀಡಾ ಪ್ರಾಧಿಕಾರ ಪರೀಕ್ಷಾ ಓಟಕ್ಕೆ ಕರೆದಾಗ ಗೌಡರು ಕಂಬಳವೇ ಸಾಕೆಂದು ನಯವಾಗಿ ಹಿಂದೆ ಸರಿದರು. ಆ ಗದ್ದಲದಲ್ಲಿ ವಿವೇಕ ಉಳಿಸಿಕೊಂಡವರು ಅವರೊಬ್ಬರೇ ಎನ್ನಬಹುದು.

ಉತ್ತರ ಕನ್ನಡದ ಸಮಸ್ಯೆ ಇದಕ್ಕೆ ತದ್ವಿರುದ್ಧ: ಅಲ್ಲಿ ಅಳೆಯಲು ಅಂಕಿಯೇ ಇಲ್ಲ. ಬಿಣಗಾ, ಕಾರವಾರ, ಅಂಕೋಲಾದಿಂದ ಘಟ್ಟ ಹತ್ತಿದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ವಸತಿಗಳು ಸಿಗುತ್ತವೆ. ಮಾರ್ಗರೆಟ್ ಆಳ್ವ ಕೇಂದ್ರದ ಕ್ರೀಡಾ ಸಚಿವೆಯಾಗಿದ್ದ ಕಾಲದ ಚಿಂತನೆಯಿಂದ 1987ರಲ್ಲಿ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಯೋಜನೆ ಆರಂಭಿಸಿತು. ಹರ್ಡಲ್ಸ್ ಓಟಗಾರ್ತಿ ಕಮಲಾ ಸಿದ್ದಿಯಂಥವರು ಅಲ್ಲಿಂದ ಬಂದು ಹೆಸರು ಮಾಡಿದರು. 1993ರಲ್ಲಿ ಯೋಜನೆ ನಿಂತಿತು. ಹುಡುಗ ಹುಡುಗಿಯರು ಪ್ರಾಯಕ್ಕೆ ಬರುವ ಹೊತ್ತಿಗೆ ಓಟ ಮುಗಿದಿತ್ತು. ಮದ್ದಿನ ಕಳಂಕವೂ ಇಲ್ಲದ, ಹೋಲಿಸಲು ಅಂಕಿಯೂ ಇಲ್ಲದ ವೃತ್ತಿಜೀವನಗಳು ಅವು. ಯಾವ ತೀರ್ಪೂ ಅವರ ಬಗ್ಗೆ ಬರಲಿಲ್ಲ.

ಪೂವಮ್ಮ ಅವರ ನಿಷೇಧ ಎರಡು ವರ್ಷವಾದ 2022ರಲ್ಲೇ ಭಾರತದಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯೂ ಬಂತು. ನಿಷೇಧ ಮುಗಿಸಿದ ಪೂವಮ್ಮ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ರಿಲೇ ತಂಡದಲ್ಲಿ ಓಡಿದರು. ತಂಡ ಹೀಟ್ಸ್ ದಾಟಲಿಲ್ಲ.