ಗಂಗೆಯ ಮೇಲಿಂದ ಕಾಶಿ: ದೋಣಿ ಗೊತ್ತುಮಾಡುವ ಮುನ್ನ ತಿಳಿದಿರಬೇಕಾದದ್ದು

ವಾರಾಣಸಿಯ ಅರಮನೆಗಳು, ಮಠಗಳು, ದೇವಾಲಯಗಳು ಗಂಗೆಗೆ ಮುಖಮಾಡಿ ನಿಂತಿವೆ. ರೈಲು ನಿಲ್ದಾಣದಿಂದ ಆಟೋ ಹಿಡಿದು, ಗೋದೌಲಿಯಾ ವೃತ್ತದ ಜನಜಂಗುಳಿಯನ್ನು ದಾಟಿ, ಇಕ್ಕಟ್ಟಾದ ಗಲ್ಲಿಗಳಲ್ಲಿ ಸಾಗುವ ಯಾತ್ರಿಕರಿಗೆ ಕಾಣುವುದು ಅವುಗಳ ಹಿಂಬದಿಯಷ್ಟೇ. ಈ ನಗರದ ಮುಖವನ್ನು ನೋಡಬೇಕಾದರೆ ನದಿಗೆ ಇಳಿಯಬೇಕು.

ವರುಣಾ ಮತ್ತು ಅಸಿ ಎಂಬ ಎರಡು ನದಿಗಳ ನಡುವಿನ ಊರಾದ್ದರಿಂದ ವಾರಾಣಸಿ ಎಂಬ ಹೆಸರು ಬಂದಿತೆಂಬುದು ಪ್ರತೀತಿ. ದಕ್ಷಿಣದ ಅಸ್ಸಿಯಿಂದ ಉತ್ತರದಲ್ಲಿ ವರುಣಾ ಸಂಗಮವಿರುವ ಆದಿಕೇಶವದವರೆಗೆ ಸುಮಾರು ಆರೇಳು ಕಿ.ಮೀ. ಉದ್ದಕ್ಕೆ ಘಾಟ್‌ಗಳು, ಅಂದರೆ ಸೋಪಾನಕಟ್ಟೆಗಳು, ಹಬ್ಬಿಕೊಂಡಿವೆ. ಅವುಗಳ ಸಂಖ್ಯೆ 84 ಎಂಬುದು ರೂಢಿಯ ಲೆಕ್ಕ. ಹಿಮಾಲಯದಿಂದ ಇಳಿದು ಪೂರ್ವದ ಕಡಲಿಗೆ ಸಾಗುವ ಗಂಗೆ ಇಲ್ಲಿ ಉತ್ತರಾಭಿಮುಖವಾಗಿ ತಿರುಗುತ್ತಾಳೆ. ಘಾಟ್‌ಗಳೆಲ್ಲ ಪಶ್ಚಿಮ ದಂಡೆಯಲ್ಲಿವೆ. ಎದುರು ದಂಡೆಯಲ್ಲಿ ಬಹುಪಾಲು ಮರಳು. ಹೀಗಾಗಿ ಅಡ್ಡಿಯಿಲ್ಲದೆ ಮೇಲೇರುವ ಸೂರ್ಯನ ಮೊದಲ ಕಿರಣ ನೇರವಾಗಿ ಮೆಟ್ಟಿಲುಗಳ ಮೇಲೆ ಬೀಳುತ್ತದೆ. ಮುಂಜಾನೆಯ ದೋಣಿವಿಹಾರಕ್ಕೆ ಇಷ್ಟು ಹೆಸರು ಬರಲು ಇದೇ ಕಾರಣ.

ಕರ್ನಾಟಕದಿಂದ ಕಾಶಿಗೆ ಹೋಗುವವರ ಪೈಕಿ ವಯೋವೃದ್ಧರು ಬಹಳ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ಭಾರತ್ ಗೌರವ್ ರೈಲು ಚಾಲನೆ ಪಡೆದಾಗ ರಾಜ್ಯ ಸರ್ಕಾರ ಯಾತ್ರಿಕರಿಗೆ ತಲಾ 5,000 ರೂಪಾಯಿ ಸಹಾಯಧನವನ್ನೂ ನೀಡಿತ್ತು. ಮಂಡಿನೋವಿನ ಹಿರಿಯರಿಗೆ ಕಡಿದಾದ ಮೆಟ್ಟಿಲುಗಳನ್ನು ಹತ್ತಿಳಿಯುತ್ತ ಘಾಟ್‌ನಿಂದ ಘಾಟ್‌ಗೆ ನಡೆಯುವುದು ಅಸಾಧ್ಯ. ಅಂತಹವರಿಗೆ ದೋಣಿಯೇ ದಾರಿ. ಆದರೆ ಅವಸರದಲ್ಲಿ ಏರಿದ ದೋಣಿ ಜೇಬಿಗೂ ಜೀವಕ್ಕೂ ಭಾರವಾಗಬಹುದು.

ಯಾವ ದೋಣಿ ಸೂಕ್ತ?

ಕಾಶಿಯಲ್ಲಿ ಮುಖ್ಯವಾಗಿ ಮೂರು ಬಗೆಯ ದೋಣಿಗಳಿವೆ. ಹುಟ್ಟುಹಾಕುವ ಸಣ್ಣ ದೋಣಿ, ಯಂತ್ರಚಾಲಿತ ದೋಣಿ ಹಾಗೂ ಎರಡು ಅಂತಸ್ತಿನ ದೊಡ್ಡ ‘ಬಜ್ರಾ’. ಇವಲ್ಲದೆ 2018ರಲ್ಲಿ ಹವಾನಿಯಂತ್ರಿತ ವಿಹಾರನೌಕೆಯೂ ಆರಂಭವಾಯಿತು. ಡೀಸೆಲ್ ಹೊಗೆಯನ್ನು ತಗ್ಗಿಸಲು 2021ರಿಂದ ನೂರಾರು ದೋಣಿಗಳಿಗೆ ಸಿಎನ್‌ಜಿ ಯಂತ್ರ ಅಳವಡಿಸಲಾಗಿದೆ.

ನಾಲ್ಕಾರು ಜನರ ಕುಟುಂಬವಾದರೆ ಹುಟ್ಟಿನ ದೋಣಿಯನ್ನು ಪೂರ್ತಿಯಾಗಿ ಗೊತ್ತುಮಾಡಿಕೊಳ್ಳುವುದು ಲೇಸು. ಯಂತ್ರದ ಸದ್ದಿಲ್ಲದ್ದರಿಂದ ದಂಡೆಯ ಗಂಟಾನಾದ, ಮಂತ್ರಘೋಷ, ಅಗಸರು ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಎಲ್ಲವೂ ಕೇಳುತ್ತವೆ. ಬೇಕೆಂದಲ್ಲಿ ನಿಲ್ಲಿಸಬಹುದು. ಆದರೆ ಅಸ್ಸಿಯಿಂದ ಮಣಿಕರ್ಣಿಕೆಯ ಕಡೆಗೆ ಸಾಗುವಾಗ ಹರಿವು ಅನುಕೂಲವಾಗಿರುತ್ತದೆ. ಹಿಂದಿರುಗುವಾಗ ಪ್ರವಾಹಕ್ಕೆ ಎದುರಾಗಿ ಹುಟ್ಟುಹಾಕಬೇಕು. ಅದಕ್ಕೆ ಹೆಚ್ಚು ಸಮಯ, ಹೆಚ್ಚು ಶ್ರಮ ಬೇಕು. ಅಸ್ಸಿಯಲ್ಲಿ ಹತ್ತಿ ದಶಾಶ್ವಮೇಧದಲ್ಲೋ ಲಲಿತಾ ಘಾಟ್‌ನಲ್ಲೋ ಇಳಿದುಬಿಡುವುದು ಇಬ್ಬರಿಗೂ ಹಿತ. ಪೂರ್ತಿ ಉದ್ದವನ್ನು ನೋಡಿ ಮರಳುವುದಾದರೆ, ಅಥವಾ ಎದುರು ದಂಡೆಯಲ್ಲಿ ಮೇಲ್ಗಡೆಗಿರುವ 18ನೇ ಶತಮಾನದ ರಾಮನಗರ ಕೋಟೆಗೆ ಹೋಗುವುದಾದರೆ ಯಂತ್ರದ ದೋಣಿಯೇ ಆಗಬೇಕು.

ಏರುವ ಮೊದಲು ನಾಲ್ಕು ಮಾತು

ಕಾಶಿಯ ದೋಣಿ ಜಗಳಗಳಲ್ಲಿ ಬಹುತೇಕ ಹುಟ್ಟುವುದು ದರದಿಂದಲ್ಲ, ಅರ್ಧಂಬರ್ಧ ಆಡಿದ ಮಾತಿನಿಂದ. ಕೆಳಗಿನ ನಾಲ್ಕು ವಿಷಯಗಳನ್ನು ದಂಡೆಯಲ್ಲಿ ನಿಂತಿರುವಾಗಲೇ ಇತ್ಯರ್ಥ ಮಾಡಿಕೊಳ್ಳಬೇಕು.

1. ದರ ತಲೆಗೋ, ದೋಣಿಗೋ? ‘ಇನ್ನೂರು’ ಎಂದು ಹೇಳಿದ್ದನ್ನು ಯಾತ್ರಿಕರು ಇಡೀ ದೋಣಿಗೆಂದೂ ಅಂಬಿಗರು ತಲಾ ಎಂದೂ ತಿಳಿದಿರುವುದುಂಟು. ‘ಪೂರೀ ನಾವ್ ಕಾ ಕಿತ್ನಾ?’ ಎಂದು ಕೇಳಿದರೆ ಗೊಂದಲವಿರದು.

2. ಎಷ್ಟು ಹೊತ್ತು? ಒಂದು ಗಂಟೆಯೋ ಎರಡು ಗಂಟೆಯೋ, ಆರತಿಯ ಸಮಯದಲ್ಲಿ ನಿಲ್ಲಿಸುವ ಅವಧಿ ಅದರಲ್ಲಿ ಸೇರಿದೆಯೋ ಇಲ್ಲವೋ ಸ್ಪಷ್ಟವಾಗಬೇಕು.

3. ಎಲ್ಲಿಂದ ಎಲ್ಲಿಗೆ? ‘ಎಲ್ಲ ಘಾಟ್ ತೋರಿಸುತ್ತೇನೆ’ ಎಂಬ ಮಾತಿಗೆ ಅರ್ಥವಿಲ್ಲ. ಹತ್ತುವ ಘಾಟ್, ತಿರುಗುವ ಘಾಟ್, ಇಳಿಯುವ ಘಾಟ್ ಮೂರನ್ನೂ ಹೆಸರಿಸಿ ಹೇಳಬೇಕು.

4. ಜೀವರಕ್ಷಕ ಅಂಗಿ ಎಷ್ಟಿವೆ? ಮಕ್ಕಳೂ ಸೇರಿದಂತೆ ಪ್ರತಿಯೊಬ್ಬರಿಗೂ ಒಂದೊಂದು ಇರಬೇಕು. ಹಲಗೆಯಡಿ ಗಂಟುಕಟ್ಟಿ ಇಟ್ಟ ಅಂಗಿ ಆಪತ್ತಿನಲ್ಲಿ ಕೈಗೆ ಸಿಗದು. ಹತ್ತಿದ ಕೂಡಲೇ ಧರಿಸಬೇಕು. ಆಗಲೇ ತುಂಬಿದ ದೋಣಿಗೆ ‘ಇನ್ನಿಬ್ಬರಷ್ಟೇ’ ಎಂದು ಕರೆದರೆ ಹೋಗಕೂಡದು. ಪ್ರತ್ಯೇಕ ದೋಣಿಯಲ್ಲಿ ನಡುದಾರಿಯಲ್ಲಿ ಬೇರೆಯವರನ್ನು ಹತ್ತಿಸಿಕೊಳ್ಳದಂತೆ ಮೊದಲೇ ತಿಳಿಸಬೇಕು.

ಹಣವನ್ನು ಇಳಿದ ಮೇಲೆ ಕೊಡುವುದು ವಾಡಿಕೆ. ಅಸ್ಥಿ ವಿಸರ್ಜನೆ ಅಥವಾ ನಡುಹೊಳೆಯ ಪೂಜೆಗಾಗಿ ಹೋಗುವವರು ಪುರೋಹಿತರ ದಕ್ಷಿಣೆಯನ್ನು ದೋಣಿಯ ಬಾಡಿಗೆಯೊಂದಿಗೆ ಬೆರೆಸದೆ ಬೇರೆಯಾಗಿಯೇ ಮಾತನಾಡಿಕೊಳ್ಳುವುದು ಒಳ್ಳೆಯದು. ದುಃಖದಲ್ಲಿರುವಾಗ ಚೌಕಾಸಿ ಮಾಡುವ ಸ್ಥಿತಿ ಯಾರಿಗೂ ಇರುವುದಿಲ್ಲ.

ಅಸ್ಸಿಯಿಂದ ದಶಾಶ್ವಮೇಧದವರೆಗೆ

ಅಸ್ಸಿಯಿಂದ ಹೊರಟ ದೋಣಿಗೆ ಮೊದಲು ಎದುರಾಗುವ ಹೆಸರಾಂತ ತಾಣ ತುಳಸಿ ಘಾಟ್. ಸಂತ ಕವಿ ತುಳಸೀದಾಸರು ವಾಸವಾಗಿದ್ದ ಜಾಗವಿದು. ಸಂಕಟಮೋಚನ ದೇವಾಲಯದ ಮಹಂತರೂ ಜಲವಿಜ್ಞಾನದ ಪ್ರಾಧ್ಯಾಪಕರೂ ಆಗಿದ್ದ ವೀರಭದ್ರ ಮಿಶ್ರ ಅವರು 1982ರಲ್ಲಿ ಗಂಗಾ ಶುದ್ಧೀಕರಣದ ಆಂದೋಲನವನ್ನು ಆರಂಭಿಸಿದ್ದೂ ಇಲ್ಲಿಂದಲೇ.

ಮುಂದೆ ಕೋಟೆಯಂತೆ ಕಾಣುವುದು ಚೇತ್ ಸಿಂಗ್ ಅರಮನೆ. 1781ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಕಾಶಿಯ ರಾಜ ಚೇತ್ ಸಿಂಗ್‌ನಿಂದ ಹೆಚ್ಚಿನ ಹಣಕ್ಕಾಗಿ ಒತ್ತಾಯಿಸಿ, ಅವನನ್ನು ಇಲ್ಲಿಯೇ ಬಂಧನದಲ್ಲಿರಿಸಿದ. ಜನ ದಂಗೆಯೆದ್ದು ಕಂಪನಿಯ ಸಿಪಾಯಿಗಳನ್ನು ಕೊಂದರು. ಆ ಗಲಭೆಯಲ್ಲಿ ರಾಜನು ಪೇಟಗಳನ್ನು ಗಂಟುಹಾಕಿ ಹಗ್ಗ ಮಾಡಿಕೊಂಡು ಕಿಟಕಿಯಿಂದ ಇಳಿದು, ದೋಣಿಯೇರಿ ಪಾರಾದನೆಂದು ಇತಿಹಾಸ ಹೇಳುತ್ತದೆ. ಸ್ವತಃ ಹೇಸ್ಟಿಂಗ್ಸ್ ಕೂಡ ಚುನಾರ್ ಕೋಟೆಗೆ ಓಡಬೇಕಾಯಿತು. ಗೋಡೆಯ ಎತ್ತರವನ್ನು ನದಿಯಿಂದ ನೋಡಿದಾಗಲೇ ಆ ಸಾಹಸದ ಅಳತೆ ತಿಳಿಯುವುದು.

ಹನುಮಾನ್ ಘಾಟ್ ಬಂದೊಡನೆ ದಕ್ಷಿಣದ ಗಾಳಿ ಬೀಸುತ್ತದೆ. ಇಲ್ಲಿಂದ ಕೇದಾರ ಘಾಟ್‌ವರೆಗೆ ದಕ್ಷಿಣ ಭಾರತೀಯರ ಮಠ, ಛತ್ರಗಳು ಹಲವು. ಹನುಮಾನ್ ಘಾಟ್‌ಗೂ ಹರಿಶ್ಚಂದ್ರ ಘಾಟ್‌ಗೂ ನಡುವೆ ಕರ್ನಾಟಕ ಘಾಟ್ ಇದೆ. ಹಿಂದಿನ ಮೈಸೂರು ಸಂಸ್ಥಾನದ ನೆನಪಾಗಿ ಇದನ್ನು ಮೈಸೂರು ಘಾಟ್ ಎಂದೂ ಕರೆಯುತ್ತಾರೆ. ಸಮೀಪದ ವಿಜಯನಗರಂ ಘಾಟ್ ಹೆಸರು ನೋಡಿ ಹಂಪೆಯನ್ನು ನೆನೆಯುವ ಕನ್ನಡಿಗರಿದ್ದಾರೆ. ಅದು ಆಂಧ್ರದ ವಿಜಯನಗರಂ ಸಂಸ್ಥಾನದ ಅರಸರು ಕಟ್ಟಿಸಿದ್ದು.

ದರ್ಭಂಗಾ ಅರಮನೆಯ ಎತ್ತರದ ಕಂಬಗಳು, ಇಂದೋರಿನ ರಾಣಿ ಅಹಲ್ಯಾಬಾಯಿ ಹೋಳ್ಕರ್ ಹೆಸರಿನ ಘಾಟ್ ದಾಟಿದರೆ ದಶಾಶ್ವಮೇಧ. ಈಗಿನ ವಿಶ್ವನಾಥ ಮಂದಿರವನ್ನು 1780ರಲ್ಲಿ ಕಟ್ಟಿಸಿದವಳು ಇದೇ ರಾಣಿ. ಪಕ್ಕದ ಮಾನಮಂದಿರ ಘಾಟ್‌ನಲ್ಲಿ ಅಂಬರ್‌ನ ರಾಜಾ ಮಾನಸಿಂಹನ ಅರಮನೆಯಿದೆ. ಅದರ ಮಾಳಿಗೆಯ ಮೇಲೆ 18ನೇ ಶತಮಾನದಲ್ಲಿ ಸವಾಯಿ ಜಯಸಿಂಹ ನಿರ್ಮಿಸಿದ ಖಗೋಳ ವೀಕ್ಷಣಾಲಯವನ್ನು ಬಿಡುವಿದ್ದವರು ಇಳಿದು ನೋಡಬಹುದು.

ಲಲಿತಾ ಘಾಟ್‌ನ ಮೇಲೆ ಕೆತ್ತನೆಯ ಮರದಿಂದ ಕಟ್ಟಿದ ನೇಪಾಳಿ ದೇವಾಲಯವಿದೆ. 2021ರ ಡಿಸೆಂಬರ್ 13ರಂದು ಉದ್ಘಾಟನೆಗೊಂಡ ಕಾಶಿ ವಿಶ್ವನಾಥ ಧಾಮದ ಗಂಗಾದ್ವಾರವೂ ಇಲ್ಲಿಯೇ ತೆರೆದುಕೊಂಡಿದೆ. ದೋಣಿಯಿಂದ ಇಳಿದು ಗಲ್ಲಿಗಳ ಸಹವಾಸವಿಲ್ಲದೆ ಮಂದಿರಕ್ಕೆ ಏರಿಹೋಗಲು ಸಾಧ್ಯವಾಗಿದೆ.

ಚಿತೆಗಳ ಎದುರಿನಲ್ಲಿ

ದೋಣಿಯ ಹಾದಿಯಲ್ಲಿ ಎರಡು ಸ್ಮಶಾನಗಳಿವೆ. ಹರಿಶ್ಚಂದ್ರ ಘಾಟ್ ಎಂದೊಡನೆ ರಾಘವಾಂಕನ ಕಾವ್ಯವೂ ವೀರಬಾಹುವಿನ ಆಳಾಗಿ ಸುಡುಗಾಡು ಕಾದ ಅರಸನೂ ಕನ್ನಡಿಗರ ಕಣ್ಣಮುಂದೆ ಬರುವುದು ಸಹಜ. ದಶಾಶ್ವಮೇಧದ ಉತ್ತರಕ್ಕಿರುವ ಮಣಿಕರ್ಣಿಕೆಯಲ್ಲಿ ಹಗಲಿರುಳೆನ್ನದೆ ಚಿತೆಗಳು ಉರಿಯುತ್ತವೆ. ಸೌದೆಯ ರಾಶಿಗಳು, ಸೌದೆ ತುಂಬಿದ ದೊಡ್ಡ ದೋಣಿಗಳು ದೂರದಿಂದಲೇ ಕಾಣುತ್ತವೆ.

ಇಲ್ಲಿ ಛಾಯಾಚಿತ್ರ, ವಿಡಿಯೊ ತೆಗೆಯಬಾರದು. ನದಿಯ ಮೇಲಿದ್ದೇವೆ, ದೂರವಿದ್ದೇವೆ ಎಂಬುದು ಸಬೂಬಾಗದು. ಅಲ್ಲಿ ನಿಂತವರು ಆ ದಿನ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡವರು. ದೋಣಿಯನ್ನು ತೀರಾ ಹತ್ತಿರಕ್ಕೆ ಒಯ್ಯುವಂತೆ ಒತ್ತಾಯಿಸದೆ, ಮಾತು ನಿಲ್ಲಿಸಿ ಮುಂದೆ ಸಾಗುವುದು ಉಚಿತ. ಶವಸಂಸ್ಕಾರದ ಸೌದೆಗೆಂದು ದಾನ ಕೇಳುವವರು ಮಣಿಕರ್ಣಿಕೆಯ ಬಳಿ ಎದುರಾಗುತ್ತಾರೆ. ಕೊಡಲೇಬೇಕೆಂಬ ನಿಯಮವೇನೂ ಇಲ್ಲ.

ಮಣಿಕರ್ಣಿಕೆಯನ್ನು ದಾಟುತ್ತಲೇ ಒಂದು ಕಡೆಗೆ ವಾಲಿ ನಿಂತ ರತ್ನೇಶ್ವರ ಮಹಾದೇವ ಮಂದಿರ ಕಾಣುತ್ತದೆ. ವರ್ಷದ ಬಹುಕಾಲ ಇದರ ಗರ್ಭಗುಡಿ ನೀರು, ಕೆಸರಿನಲ್ಲಿ ಮುಳುಗಿರುತ್ತದೆ. ಬಹುಪಾಲು ದೋಣಿಗಳು ಇಲ್ಲಿಂದಲೇ ಹಿಂದಿರುಗುತ್ತವೆ. ಸಮಯವಿದ್ದವರು ಪಂಚಗಂಗಾ ಘಾಟ್‌ವರೆಗೆ ಸಾಗಬಹುದು. ಕಬೀರರು ನಸುಕಿನಲ್ಲಿ ಮೆಟ್ಟಿಲ ಮೇಲೆ ಮಲಗಿದ್ದು, ಸ್ನಾನಕ್ಕೆ ಬಂದ ರಾಮಾನಂದರ ಪಾದಸ್ಪರ್ಶದಿಂದ ಶಿಷ್ಯತ್ವ ಪಡೆದರೆಂಬ ಐತಿಹ್ಯ ಈ ಘಾಟ್‌ಗೆ ಸೇರಿದ್ದು. ಮೇಲೆ ಔರಂಗಜೇಬನ ಕಾಲದ ಆಲಂಗೀರ್ ಮಸೀದಿಯೂ ಸನಿಹದಲ್ಲಿ ಬಿಂದುಮಾಧವ ದೇವಾಲಯವೂ ಇವೆ. ಅದರಾಚೆ ರಾಜಘಾಟ್‌ನಲ್ಲಿ 1887ರಲ್ಲಿ ಸಂಚಾರಕ್ಕೆ ತೆರೆದ ಸೇತುವೆಯಿದೆ. ಡಫರಿನ್ ಹೆಸರಿನಲ್ಲಿದ್ದ ಇದು ಸ್ವಾತಂತ್ರ್ಯಾನಂತರ ಮಾಳವೀಯ ಸೇತುವೆಯಾಯಿತು.

ಯಾವ ಹೊತ್ತು, ಯಾವ ಕಾಲ?

ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ನೀರಿನಲ್ಲಿರಬೇಕು. ಕಾಶಿಯಲ್ಲಿ ಜೂನ್ ತಿಂಗಳಲ್ಲಿ ಸುಮಾರು 5.10ಕ್ಕೇ ಸೂರ್ಯ ಉದಯಿಸುತ್ತಾನೆ. ಬೆಂಗಳೂರಿನ ಲೆಕ್ಕದಲ್ಲಿ ಎದ್ದವರಿಗೆ ಮುಕ್ಕಾಲು ಗಂಟೆ ತಡವಾಗುತ್ತದೆ. ಜನವರಿಯಲ್ಲಿ 6.45ರ ಆಸುಪಾಸು. ಆದರೆ ಡಿಸೆಂಬರ್, ಜನವರಿಯಲ್ಲಿ ದಟ್ಟ ಮಂಜು ಕವಿದು ಎದುರಿನ ದೋಣಿಯೂ ಕಾಣದ ದಿನಗಳಿರುತ್ತವೆ. ಅಂತಹ ದಿನ ಮಂಜು ಕರಗುವವರೆಗೆ ಕಾಯುವುದೇ ಕ್ಷೇಮ. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ, ಮತ್ತೆ ಫೆಬ್ರುವರಿಯಿಂದ ಮಾರ್ಚ್‌ವರೆಗೆ ಪ್ರಶಸ್ತ ಕಾಲ.

ಸಂಜೆ ದಶಾಶ್ವಮೇಧದ ಗಂಗಾರತಿಯನ್ನು ನದಿಯಿಂದ ನೋಡುವವರೇ ಹೆಚ್ಚು. ಆ ಹೊತ್ತಿಗೆ ದೋಣಿಗೆ ದೋಣಿ ತಾಗಿ ನಿಲ್ಲುತ್ತವೆ. ಒಂದರಿಂದ ಇನ್ನೊಂದಕ್ಕೆ ದಾಟುವುದು, ಚಿತ್ರಕ್ಕಾಗಿ ಎದ್ದು ನಿಲ್ಲುವುದು ಅಪಾಯಕಾರಿ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಯಂದು ಘಾಟ್‌ಗಳೆಲ್ಲ ಹಣತೆಗಳಿಂದ ಬೆಳಗುತ್ತವೆ. ಅಂದು ದೋಣಿಯ ಬಾಡಿಗೆ ಹಲವು ಪಟ್ಟು ಏರುತ್ತದೆ. ಬಹಳ ಮೊದಲೇ ಗೊತ್ತುಮಾಡದವರಿಗೆ ದೋಣಿ ಸಿಗುವುದು ಕಷ್ಟ.

ಮಳೆಗಾಲದಲ್ಲಿ ಗಂಗೆಯ ರೂಪವೇ ಬೇರೆ. ವಾರಾಣಸಿಯಲ್ಲಿ ನೀರಿನ ಎಚ್ಚರಿಕೆಯ ಮಟ್ಟ 70.26 ಮೀಟರ್, ಅಪಾಯದ ಮಟ್ಟ 71.26 ಮೀಟರ್. ಪ್ರವಾಹ ಏರತೊಡಗಿದೊಡನೆ ಜಿಲ್ಲಾಡಳಿತ ದೋಣಿ ಸಂಚಾರವನ್ನು ನಿಷೇಧಿಸುತ್ತದೆ. ಘಾಟ್‌ಗಳ ನಡುವಿನ ಕಾಲುದಾರಿ ಮುಳುಗುತ್ತದೆ. ಆರತಿ ಮಾಳಿಗೆಯ ಮೇಲೆ ನಡೆಯುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ದೋಣಿವಿಹಾರವನ್ನು ನೆಚ್ಚಿಕೊಳ್ಳದಿರುವುದು ಮೇಲು. ನಿಷೇಧವಿದ್ದಾಗ ಹೆಚ್ಚು ಹಣಕ್ಕೆ ಗುಟ್ಟಾಗಿ ಕರೆದೊಯ್ಯುತ್ತೇವೆ ಎನ್ನುವವರನ್ನು ನಂಬಬಾರದು.

ಅಂಬಿಗರ ಬದುಕು

ಕಾಶಿಯ ಅಂಬಿಗರು ಮಲ್ಲಾಹ ಅಥವಾ ನಿಷಾದ ಸಮುದಾಯದವರು. ಶ್ರೀರಾಮನನ್ನು ಗಂಗೆ ದಾಟಿಸಿದ ಗುಹನ ವಂಶದವರು ತಾವೆಂಬ ಹೆಮ್ಮೆ ಅವರದು. ನೀರಿನಲ್ಲಿ ಮುಳುಗುತ್ತಿರುವವರನ್ನು ಎತ್ತಿ ತರಲು ಮೊದಲು ಧುಮುಕುವವರೂ ಇವರೇ. ವಿಹಾರನೌಕೆಗಳು ಬಂದಾಗ ತಮ್ಮ ಅನ್ನಕ್ಕೆ ಕುತ್ತು ಬಂತೆಂದು ಈ ಸಮುದಾಯ ಪ್ರತಿಭಟಿಸಿತ್ತು. ಮಳೆಗಾಲದ ನಿಷೇಧದ ದಿನಗಳಲ್ಲಿ ಇವರಿಗೆ ಸಂಪಾದನೆಯಿಲ್ಲ. ಹುಟ್ಟುಹಾಕುವಾತ ದೋಣಿಯ ಒಡೆಯನೇ ಆಗಿರಬೇಕೆಂದೂ ಇಲ್ಲ. ಅನೇಕರು ಬೇರೆಯವರ ದೋಣಿಯಲ್ಲಿ ದುಡಿಯುವ ಆಳುಗಳು. ಆದ್ದರಿಂದ ದಲ್ಲಾಳಿಗಳ ಮೂಲಕ ಹೋಗದೆ, ಘಾಟ್‌ಗೆ ತಾವೇ ಇಳಿದು ಅಂಬಿಗರೊಡನೆ ನೇರವಾಗಿ ಮಾತನಾಡಿದರೆ ಕೊಟ್ಟ ಹಣದ ಹೆಚ್ಚು ಪಾಲು ದುಡಿದವರಿಗೆ ಸೇರುತ್ತದೆ. ಎರಡು ಗಂಟೆ ಪ್ರವಾಹಕ್ಕೆದುರಾಗಿ ಹುಟ್ಟುಹಾಕುವವನ ಬಳಿ ಕೊನೆಯ ಐವತ್ತು ರೂಪಾಯಿಗಾಗಿ ಹಟ ಹಿಡಿಯುವುದು ಯಾತ್ರೆಗೆ ಶೋಭೆಯಲ್ಲ.

ನೆನಪಿಡಿ

* ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ವಾರಾಣಸಿಗೆ ರೈಲು ಇದೆ. ಬೆಂಗಳೂರಿನಿಂದ ನೇರ ವಿಮಾನವೂ ಉಂಟು. ಬಾಬತ್‌ಪುರದ ವಿಮಾನ ನಿಲ್ದಾಣ ನಗರದಿಂದ ಸುಮಾರು 25 ಕಿ.ಮೀ. ದೂರದಲ್ಲಿದೆ.
* ಹನುಮಾನ್ ಘಾಟ್ ಬಳಿಯ ಕರ್ನಾಟಕ ಛತ್ರದಲ್ಲಿ ತಂಗುವವರಿಗೆ ಅಸ್ಸಿ ಅಥವಾ ಕೇದಾರ ಘಾಟ್‌ನಿಂದ, ಗೋದೌಲಿಯಾ ಸಮೀಪದ ಜಂಗಮವಾಡಿ ಮಠದಲ್ಲಿ ತಂಗುವವರಿಗೆ ದಶಾಶ್ವಮೇಧದಿಂದ ದೋಣಿ ಹಿಡಿಯುವುದು ಅನುಕೂಲ.
* ನೀರು ಇಳಿದ ಮೇಲೆ ಮೆಟ್ಟಿಲುಗಳಲ್ಲಿ ಕೆಸರು, ಪಾಚಿ ಉಳಿದಿರುತ್ತದೆ. ಹಿರಿಯರನ್ನು ಇಬ್ಬರು ಹಿಡಿದು ಹತ್ತಿಸಬೇಕು.
* ದೀಪ ಬಿಡುವವರು ಎಲೆಯ ದೊನ್ನೆಯನ್ನೇ ಬಳಸಬೇಕು. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ನದಿಗೆ ಎಸೆಯಬಾರದು.
* ಚಳಿಗಾಲದಲ್ಲಿ ವಲಸೆ ಬರುವ ಕಡಲಕ್ಕಿಗಳಿಗೆ ಹಾಕಲು ಖಾರಸೇವೆಯ ಪೊಟ್ಟಣ ಮಾರುತ್ತಾರೆ. ಕರಿದ ತಿಂಡಿ ಹಕ್ಕಿಗಳಿಗೆ ಹಾನಿಕರ, ಕೊಳ್ಳದಿರುವುದೇ ಒಳಿತು.