ಕೀಲುವಾತದ ಮಾತ್ರೆ ಮತ್ತು ಚರ್ಮದ ಕ್ಯಾನ್ಸರ್: ಹಿಂದೂಪುರ, ಕಲ್ಯಾಣದುರ್ಗದ ಸದಸ್ಯರ ಮಾಹಿತಿಗಾಗಿ

ರುಮಟಾಯ್ಡ್ ಸಂಧಿವಾತಕ್ಕೆ ನಮ್ಮ ಕಡೆ ಕೀಲುವಾತ ಎನ್ನುತ್ತೇವೆ, ತೆಲುಗಿನಲ್ಲಿ ಕೀಳ್ಳವಾತಂ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಇದಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗುವವರು, ಔಷಧದ ಜೊತೆಗಿನ ಚೀಟಿಯಲ್ಲೋ ಮೊಬೈಲಿನಲ್ಲೋ ‘ಚರ್ಮದ ಕ್ಯಾನ್ಸರ್ ಬರಬಹುದು’ ಎಂಬ ಸಾಲು ಓದಿ ಗಾಬರಿಯಾಗುವುದು ಸಹಜ. ಆ ಸಾಲು ಸುಳ್ಳಲ್ಲ. ಆದರೆ ಅದನ್ನು ಬರೆದಿರುವುದು ಹೆಚ್ಚಾಗಿ ಬಿಳಿ ಚರ್ಮದವರನ್ನು ನೋಡಿ. ನಮ್ಮಂಥ ಕಂದು, ಕಪ್ಪು ಚರ್ಮದವರಿಗೆ ಅಪಾಯ ಎಷ್ಟು, ಅದು ಮೈಯ ಯಾವ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಇಲ್ಲಿ ಹೇಳಿದ್ದೇವೆ.

ಕೀಲುವಾತದಲ್ಲಿ ದೇಹದ ಕಾವಲು ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಮಾತ್ರೆಗಳ ಕೆಲಸ ಆ ಕಾವಲನ್ನು ತಗ್ಗಿಸುವುದು. ಇದೇ ಕಾವಲು ಬಿಸಿಲಿನಿಂದ, ಗಾಯದಿಂದ, ಕೆಲವು ವೈರಸ್‌ಗಳಿಂದ ಕೆಟ್ಟ ಚರ್ಮದ ಕಣಗಳನ್ನೂ ಹುಡುಕಿ ತೆಗೆಯುತ್ತಿರುತ್ತದೆ. ಕಾವಲು ತಗ್ಗಿದಾಗ ಅಂಥ ಕೆಲವು ಕಣಗಳು ತಪ್ಪಿಸಿಕೊಂಡು ಬೆಳೆಯಬಹುದು.

ಎಲ್ಲ ಮಾತ್ರೆಗಳೂ ಒಂದೇ ಅಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ವಿಷಯದಲ್ಲಿ ಈ ಭಯ ಬೇಡ. ಅದಕ್ಕೆ ಕಣ್ಣಿನ ಪರೀಕ್ಷೆ ಮುಖ್ಯ. ಅಜಥಯೋಪ್ರಿನ್ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ. ಅದು ಕಣಗಳ ಡಿಎನ್‌ಎಯಲ್ಲಿ ಸೇರಿಕೊಂಡು ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ಹಾನಿ ಮಾಡುತ್ತದೆಂದು ಬ್ರಿಟನ್ನಿನ ಸಂಶೋಧಕರು 2005ರಲ್ಲಿ ತೋರಿಸಿದರು. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮೆಥೋಟ್ರೆಕ್ಸೇಟ್ ಕುರಿತು ಒಂದು ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದು ಹೃದ್ರೋಗಿಗಳ ಮೇಲೆ ನಡೆದದ್ದು, 4,786 ಜನ ಇದ್ದರು. ಕಡಿಮೆ ಪ್ರಮಾಣದ ಮೆಥೋಟ್ರೆಕ್ಸೇಟ್ ಪಡೆದವರಲ್ಲಿ ಕೆಲವು ಬಗೆಯ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಆದರೂ ಸಾವಿರಾರು ಜನರಲ್ಲಿ ಕೆಲವೇ ಮಂದಿಗೆ ಬಂದದ್ದು. ಟೋಫಾಸಿಟಿನಿಬ್ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಕ್ಯಾನ್ಸರ್ ಮತ್ತು ಹೃದಯಾಘಾತದ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿತು. ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು ಇದನ್ನು ಶುರು ಮಾಡುವ ಮುನ್ನ ವೈದ್ಯರೊಡನೆ ಈ ವಿಷಯ ಮಾತಾಡಬೇಕು.

ಬಿಳಿ ಚರ್ಮದ ದೇಶಗಳಲ್ಲಿ ಚರ್ಮದ ಕ್ಯಾನ್ಸರ್ ಬಲು ಸಾಮಾನ್ಯ. ಭಾರತದಲ್ಲಿ ಒಟ್ಟು ಕ್ಯಾನ್ಸರ್‌ಗಳಲ್ಲಿ ಅದರ ಪಾಲು ತೀರಾ ಚಿಕ್ಕದು. ಚರ್ಮದ ಕಪ್ಪು ಬಣ್ಣವೇ ನಮಗೆ ಹುಟ್ಟಿನಿಂದ ಬಂದ ಕೊಡೆ. ಹಾಗಾಗಿ ಈ ಮಾತ್ರೆ ತಿನ್ನುವ ನಮ್ಮವರು ಮೊದಲು ಹೆದರಬೇಕಾದದ್ದು ಕ್ಷಯ, ಸರ್ಪಸುತ್ತು, ನ್ಯುಮೋನಿಯದಂಥ ಸೋಂಕುಗಳಿಗೆ. ಚರ್ಮದ ಕ್ಯಾನ್ಸರ್ ಆಮೇಲಿನದು. ಆದರೆ ಅಪರೂಪ ಎಂದಾಕ್ಷಣ ಇಲ್ಲವೆಂದಲ್ಲ. ಅಪರೂಪವಾದದ್ದರಿಂದಲೇ ಯಾರೂ ಅನುಮಾನಿಸುವುದಿಲ್ಲ, ತಡವಾಗಿ ಆಸ್ಪತ್ರೆಗೆ ಹೋಗುತ್ತಾರೆ.

ನಮ್ಮಲ್ಲಿ ಅದು ಬರುವ ದಾರಿಯೂ ಬೇರೆ. ಬಿಳಿಯರಲ್ಲಿ ಬಿಸಿಲು ಬಿದ್ದ ಮೂಗು, ಕಿವಿ, ತೋಳಿನಲ್ಲಿ ಬಂದರೆ, ನಮ್ಮಲ್ಲಿ ಸ್ಕ್ವಾಮಸ್ ಎಂಬ ಬಗೆ ಅನೇಕ ಸಲ ಹಳೆಯ ಗಾಯದ ಮೇಲೆ ಹುಟ್ಟುತ್ತದೆ. ಚಿಕ್ಕಂದಿನಲ್ಲಿ ಒಲೆಯ ಬಳಿ ಸುಟ್ಟ ಕಲೆ, ಮಾಯದೇ ಉಳಿದ ಕಾಲಿನ ಹುಣ್ಣು, ಕುಷ್ಠರೋಗ ವಾಸಿಯಾದ ಮೇಲೂ ಅಂಗಾಲಿನಲ್ಲಿ ಉಳಿದ ಹುಣ್ಣು, ಇವೆಲ್ಲ ಅಂಥ ಜಾಗಗಳು. ಸುಟ್ಟ ಕಲೆಯಲ್ಲಿ ಹುಟ್ಟುವ ಹುಣ್ಣಿಗೆ ಮಾರ್ಜೊಲಿನ್ ಹುಣ್ಣು ಎಂದು ಹೆಸರು. ಸುಟ್ಟು ಸರಾಸರಿ 30 ವರ್ಷಗಳ ನಂತರ ಅದು ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಸುಟ್ಟದ್ದೇ ಮರೆತುಹೋಗಿರುತ್ತದೆ. ಕಾಶ್ಮೀರದಲ್ಲಿ ಚಳಿಗೆ ಮೈಗೆ ಒತ್ತಿಕೊಳ್ಳುವ ಕಾಂಗ್ಡಿ ಎಂಬ ಕೆಂಡದ ಬುಟ್ಟಿಯಿಂದಲೂ ಹೊಟ್ಟೆ, ತೊಡೆಯ ಚರ್ಮಕ್ಕೆ ಕ್ಯಾನ್ಸರ್ ಬರುತ್ತಿತ್ತು.

ಸೊಂಟದ ಸುತ್ತ ನೋಡಿಕೊಳ್ಳಿ ಎಂದು ಹೆಂಗಸರಿಗೆ ವಿಶೇಷವಾಗಿ ಹೇಳುತ್ತೇವೆ. ಬಿಗಿಯಾಗಿ ಕಟ್ಟಿದ ಪಂಚೆ ಸೊಂಟವನ್ನು ವರ್ಷಗಟ್ಟಲೆ ಉಜ್ಜಿದ ಜಾಗದಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ಮುಂಬಯಿಯ ಖಾನೋಲ್ಕರ್ ಮತ್ತು ಸೂರ್ಯಬಾಯಿ 1945ರಲ್ಲೇ ದಾಖಲಿಸಿದ್ದರು. ಆಮೇಲೆ ಸೀರೆ ಉಡುವ ಹೆಂಗಸರಲ್ಲೂ, ಲಂಗದ ಲಾಡಿ ಒತ್ತುವ ಜಾಗದಲ್ಲಿ ಅದೇ ಕಂಡಿತು. ಅಲ್ಲಿ ಮೊದಲು ಕಪ್ಪಾಗಿ ಒರಟಾಗುತ್ತದೆ, ತುರಿಸುತ್ತದೆ, ಸಿಪ್ಪೆ ಏಳುತ್ತದೆ. ಹುಣ್ಣಾಗಿ ಮಾಯದಿದ್ದರೆ ತೋರಿಸಬೇಕು. ಲಾಡಿಯ ಬದಲು ಅಗಲ ಪಟ್ಟಿ ಹೊಲಿಸಿಕೊಳ್ಳಿ, ಗಂಟು ಸಡಿಲ ಮಾಡಿ, ಕಟ್ಟುವ ಜಾಗವನ್ನು ಆಗಾಗ ಮೇಲೆ ಕೆಳಗೆ ಮಾಡಿ. ದರ್ಜಿಗೆ ಇದು ಐದು ನಿಮಿಷದ ಕೆಲಸ.

ಇನ್ನು ಅಂಗಾಲು. ಮೆಲನೋಮ ಎಂಬ ಅಪಾಯಕಾರಿ ಬಗೆ ಕಪ್ಪು ಚರ್ಮದವರಲ್ಲಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವುದೇ ಹೆಚ್ಚು. ಹಾಡುಗಾರ ಬಾಬ್ ಮಾರ್ಲಿ 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡದ್ದು ಕಾಲಿನ ಹೆಬ್ಬೆರಳಿನಲ್ಲಿ ಶುರುವಾದ ಮೆಲನೋಮದಿಂದ. ಬರಿಗಾಲಲ್ಲಿ ಕಡಲೆಕಾಯಿ ಹೊಲದಲ್ಲಿ ನಡೆಯುವವರು ಅಂಗಾಲಿನ ಕಪ್ಪು ಚುಕ್ಕೆಯನ್ನು ಮುಳ್ಳು ಚುಚ್ಚಿದ್ದು ಅಂದುಕೊಂಡು ಬಿಟ್ಟುಬಿಡುತ್ತಾರೆ. ಆ ಚುಕ್ಕೆ ದೊಡ್ಡದಾಗುತ್ತಿದ್ದರೆ, ಅಂಚು ಒಡ್ಡೊಡ್ಡಾಗಿದ್ದರೆ, ಉಗುರಿನಲ್ಲಿ ಕಪ್ಪು ಗೆರೆ ಅಗಲವಾಗುತ್ತಾ ಹೋದರೆ ಮುಳ್ಳಲ್ಲ. ಮುಖದ ಮೇಲೆ ಹೊಳೆಯುವ, ಆಗಾಗ ರಕ್ತ ಒಸರಿ ಹಕ್ಕಳೆಗಟ್ಟುವ ಕಪ್ಪು ಗಂಟನ್ನು ಮಚ್ಚೆ ಎಂದು ತಿಳಿಯಬೇಡಿ. ನಾಲ್ಕು ವಾರದಲ್ಲಿ ಮಾಯದ ಯಾವುದೇ ಹುಣ್ಣು, ಹಳೇ ಕಲೆಯಲ್ಲಿ ಹೊಸದಾಗಿ ಎದ್ದ ಗಂಟು, ಬೇಗ ಬೆಳೆಯುವ ನರಹುಲಿ, ಇಷ್ಟನ್ನು ತಿಂಗಳಿಗೊಮ್ಮೆ ಸ್ನಾನದ ಹೊತ್ತಿಗೆ ಹುಡುಕಿದರೆ ಸಾಕು. ಬೆನ್ನು ನೋಡಲು ಮನೆಯವರ ನೆರವು ಬೇಕು.

ಬಿಸಿಲಿನ ವಿಷಯದಲ್ಲಿ ದುಬಾರಿ ಕ್ರೀಮು ಕೊಳ್ಳಲೇಬೇಕೆಂದು ನಾವು ಹೇಳುವುದಿಲ್ಲ. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಸೀರೆ ಮೇಲೆ ತುಂಬು ತೋಳಿನ ಹಳೇ ಶರ್ಟು ಹಾಕಿ ತಲೆಗೆ ಬಟ್ಟೆ ಕಟ್ಟುವುದು ಒಳ್ಳೆಯ ರೂಢಿ. ಏಪ್ರಿಲ್, ಮೇ ತಿಂಗಳ ನಡು ಮಧ್ಯಾಹ್ನ ಮಾತ್ರ ತಪ್ಪಿಸಿ. ಅಜಥಯೋಪ್ರಿನ್ ತಿನ್ನುವವರು, ಹುಟ್ಟಿನಿಂದಲೇ ಚರ್ಮ ಕೂದಲು ಬೆಳ್ಳಗಿರುವವರು ಮಾತ್ರ ಕ್ರೀಮನ್ನೂ ಬಳಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಹೆದರಿ ಮಾತ್ರೆ ನಿಲ್ಲಿಸುವುದು. ಮೂಳೆ ಸವೆದು ಬೆರಳು ಸೊಟ್ಟಗಾದರೆ ಮತ್ತೆ ನೆಟ್ಟಗಾಗುವುದಿಲ್ಲ, ಹತೋಟಿಯಲ್ಲಿಲ್ಲದ ಕೀಲುವಾತವೇ ಲಿಂಫೋಮ ಎಂಬ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ನಿಲ್ಲಿಸಿದವರು ಕೊನೆಗೆ ಹೋಗುವುದು ಹೆಸರಿಲ್ಲದ ಪುಡಿ ಕೊಡುವವರ ಬಳಿಗೆ. ಅಂಥ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು, ಹರತಾಳದಂಥ ಆರ್ಸೆನಿಕ್ ವಸ್ತುವೂ ಇರಬಹುದು. ಆರ್ಸೆನಿಕ್ಕೇ ಚರ್ಮದ ಕ್ಯಾನ್ಸರ್ ತರುವ ವಿಷ. ಹಾಗೆಯೇ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಅನುಮಾನ ಬಂದರೆ ಹಿಂದೂಪುರದವರು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ, ಕಲ್ಯಾಣದುರ್ಗದವರು ಊರಿನ ಸರ್ಕಾರಿ ಆಸ್ಪತ್ರೆ ಅಥವಾ ಆರ್‌ಡಿಟಿ ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು. ಚರ್ಮರೋಗ ತಜ್ಞರು ಬೇಕಾದರೆ ಅನಂತಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕ್ಯಾನ್ಸರ್ ಖಚಿತವಾದರೆ ಹಿಂದೂಪುರದಿಂದ ರೈಲಿನಲ್ಲಿ ಬೆಂಗಳೂರಿನ ಕಿದ್ವಾಯಿ ದೂರವೇನಲ್ಲ. ಹೊರಡುವ ಮೊದಲು, 2024ರಿಂದ ಎನ್‌ಟಿಆರ್ ವೈದ್ಯ ಸೇವಾ ಎಂದು ಹೆಸರಾಗಿರುವ ಹಳೆಯ ಆರೋಗ್ಯಶ್ರೀ ಕಾರ್ಡು ಆಯಾ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ಚೂರು ಚರ್ಮ ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆಂಬ ಮಾತು ನಿಜವಲ್ಲ. ಬೇಗ ಪತ್ತೆಯಾದರೆ ಹೆಚ್ಚಿನವು ಚಿಕ್ಕ ಶಸ್ತ್ರಚಿಕಿತ್ಸೆಯಲ್ಲೇ ಗುಣವಾಗುತ್ತವೆ. ಮಾತ್ರೆ ಬದಲಿಸಬೇಕೇ ಬೇಡವೇ ಎಂಬುದನ್ನು ಕೀಲಿನ ವೈದ್ಯರು ಆಗ ತೀರ್ಮಾನಿಸುತ್ತಾರೆ.

ಹೋಗುವಾಗ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಜೊತೆಗೆ ಒಯ್ಯಿರಿ. ಬಿಪಿಯ ಹೈಡ್ರೋಕ್ಲೋರೋಥಯಾಜೈಡ್ ಕೂಡ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ. ತೆಲುಗು ವೈದ್ಯರಿಗೆ ಹೇಳುವಾಗ ನಮ್ಮ ಹುಣ್ಣು ಅವರಿಗೆ ಪುಂಡು, ನರಹುಲಿ ಪುಲಿಪಿರಿ. ಮಚ್ಚೆಯಲ್ಲಿ ಎಚ್ಚರ ಬೇಕು: ತೆಲುಗಿನ ಮಚ್ಚ ಎಂದರೆ ಯಾವುದೇ ಕಲೆ, ನಮ್ಮ ಮಚ್ಚೆಗೆ ಅವರು ಪುಟ್ಟುಮಚ್ಚ ಎನ್ನುತ್ತಾರೆ. ಸುಟ್ಟ ಕಲೆಯಾದರೆ ಕಾಲಿನ ಮಚ್ಚ ಎನ್ನಬೇಕು. ಕಾಲಿನ ಎಂದರೆ ಅವರಲ್ಲಿ ಸುಟ್ಟ ಎಂದು ಅರ್ಥ, ನಮ್ಮ ಕಾಲಲ್ಲ.